ಬಿಪಿ ಇರುವವರ ಸಂಜೆ ವ್ಯಾಯಾಮ ತರಗತಿ, ಕೋಲಾರ: ಸೇರಿ ನೋಡಿದವನ ಅನುಭವ

ಕೋಲಾರದಲ್ಲಿ ಬಿಪಿ ಇರುವವರು ವ್ಯಾಯಾಮಕ್ಕೆ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಈಗ ಒಂದೇ ಜಾಗ ಹೇಳುತ್ತೇನೆ. ಡೂಂಲೈಟ್ ವೃತ್ತದಿಂದ ನಡೆದು ಹೋಗುವಷ್ಟು ದೂರ. ಒಂದು ಮನೆಯ ಮೊದಲ ಮಹಡಿಯ ಹಾಲ್‌ನಲ್ಲಿ ತರಗತಿ ನಡೆಯುತ್ತದೆ. ಬೋರ್ಡ್ ಇಲ್ಲ. ಫಿಸಿಯೋಥೆರಪಿ ಓದಿದ ಒಬ್ಬರು ಮೇಡಂ ನಡೆಸುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರೂವರೆಗೆ ಶುರು. ಬ್ಯಾಚಿಗೆ ಹದಿನೈದು ಜನ ಅಷ್ಟೇ, ಶಿಫಾರಸು ತಂದರೂ ಹದಿನಾರನೆಯವರಿಗೆ ಜಾಗ ಇಲ್ಲ. ತಿಂಗಳಿಗೆ 700 ರೂಪಾಯಿ. ಪ್ರಚಾರ ಬೇಡ ಅಂತ ಅವರೇ ಹೇಳಿರುವುದರಿಂದ ಹೆಸರು, ನಂಬರ್ ಬರೆಯುತ್ತಿಲ್ಲ. ಆದರೂ ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ನಿಮ್ಮ ಊರಿನಲ್ಲಿ ಇಂಥದ್ದೊಂದು ತರಗತಿ ಹುಡುಕುವಾಗ ಏನೇನು ಕೇಳಬೇಕು ಅನ್ನುವುದು ಇದರಿಂದ ಗೊತ್ತಾಗಲಿ ಅಂತ.

ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಸೀಸನ್ ಬಂದರೆ ಕುರ್ಚಿಯಿಂದ ಏಳುವುದಕ್ಕೇ ಆಗುವುದಿಲ್ಲ. ಬಾಕ್ಸಿನ ಲೆಕ್ಕ, ಲಾರಿ ಬಾಡಿಗೆ, ರೈತರ ಬಿಲ್ಲು, ನಡುವೆ ಹತ್ತು ಫೋನು. ಐವತ್ತು ದಾಟಿದ ಮೇಲೆ ಬಿಪಿ ಬಂತು, ಮಾತ್ರೆ ಶುರುವಾಯಿತು. ನನ್ನನ್ನು ನಿಜವಾಗಿ ಎಬ್ಬಿಸಿದ್ದು ನನ್ನ ಬಿಪಿ ಅಲ್ಲ, ನಮ್ಮ ಅಮ್ಮನ ಎಂಆರ್‌ಐ.

ಅಮ್ಮನಿಗೆ ಇಪ್ಪತ್ತು ವರ್ಷದಿಂದ ಬಿಪಿ. ಲಕ್ವ ಅಂತ ಒಂದು ದಿನವೂ ಹೊಡೆದಿಲ್ಲ. ಆದರೆ ನಡಿಗೆ ನಿಧಾನವಾಯಿತು, ಹೆಜ್ಜೆ ಚಿಕ್ಕದಾಯಿತು. ಅವರೆಕಾಯಿ ಸಾರಿಗೆ ಏನು ಮೊದಲು ಹಾಕಬೇಕು ಅನ್ನುವುದಕ್ಕೆ ಒಲೆ ಮುಂದೆ ನಿಂತು ಯೋಚನೆ ಮಾಡುವಂತಾಯಿತು. ವಯಸ್ಸು ಅಂದುಕೊಂಡೆವು. ನರರೋಗದ ಡಾಕ್ಟರು ಸ್ಕ್ಯಾನ್ ಫಿಲಂ ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಒಳಭಾಗದಲ್ಲಿ ಬಿಳಿ ಬಿಳಿ ಮಚ್ಚೆ. ಜೊತೆಗೆ ಕಾಳಿನಷ್ಟು ಸಣ್ಣ ಸಣ್ಣ ಗುಂಡಿಗಳು. "ದೊಡ್ಡ ಲಕ್ವ ಆಗಿಲ್ಲ ನಿಜ. ಸಣ್ಣವು ಆಗಿವೆ, ಯಾರಿಗೂ ಗೊತ್ತಾಗಿಲ್ಲ ಅಷ್ಟೇ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಬಿಪಿ ಇದೆ ಅಂದ್ರಲ್ಲ, ದಿನಾ ನಡೀತೀರಾ?" ಅಂತ ಕೇಳಿದರು.

ಅವತ್ತಿನಿಂದ ಜಾಗ ಹುಡುಕಿದೆ. ಮೊದಲು ಒಂದು ಜಿಮ್‌ಗೆ ದುಡ್ಡು ಕಟ್ಟಿದೆ. ಅಲ್ಲಿ ಹುಡುಗರು ಒಳ್ಳೆಯವರೇ. ಆದರೆ ಬಿಪಿ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ಮೊದಲ ವಾರವೇ ಭಾರ ಕೊಟ್ಟು, "ಉಸಿರು ಬಿಗಿಹಿಡಿದು ಎತ್ತಿ ಅಂಕಲ್" ಅಂದರು. ಬಿಪಿ ಇರುವವನಿಗೆ ಹೇಳಬಾರದ ಮಾತು ಅದು. ಉಸಿರು ಕಟ್ಟಿ ತಿಣುಕಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಎಲ್ಲೋ ಏರಿಬಿಡುತ್ತದೆ. ಎರಡನೇ ತಿಂಗಳು ಹೋಗಲಿಲ್ಲ.

ಈ ಸಂಜೆ ತರಗತಿಯಲ್ಲಿ ಮೊದಲ ದಿನ ವ್ಯಾಯಾಮವೇ ಇಲ್ಲ. ಅದೇ ನನಗೆ ಹಿಡಿಸಿತು. ಕುರ್ಚಿಯಲ್ಲಿ ಕೂರಿಸಿದರು. ಬೆನ್ನು ಒರಗಿರಬೇಕು, ಪಾದ ಎರಡೂ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕುವಂತಿಲ್ಲ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ದಿಂಬು ಇಟ್ಟರು. ಬಾತ್‌ರೂಮಿಗೆ ಹೋಗಿ ಬಂದಿದ್ದೀರಾ ಅಂತ ಕೇಳಿದರು. ನನಗೆ ವಿಚಿತ್ರ ಅನ್ನಿಸಿತು. ಮೂತ್ರ ಕಟ್ಟಿಕೊಂಡು ಕೂತರೂ ಸಂಖ್ಯೆ ಏರುತ್ತದಂತೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಸುಮ್ನೆ ಕೂರಿಸಿ ಆಮೇಲೆ ಪಟ್ಟಿ ಕಟ್ಟಿದರು. ಅಂಗಿ ತೋಳಿನ ಮೇಲೆ ಅಲ್ಲ, ಬರೀ ತೋಳಿಗೆ. ನಾನು ಟೊಮೆಟೊ ಮಂಡಿ ವಿಷಯ ಏನೋ ಹೇಳಲು ಹೋದೆ. "ಸರ್, ಈಗ ಮಾತು ಬೇಡ. ಮಾತಾಡಿದರೆ ಹತ್ತು ಪಾಯಿಂಟ್ ಜಾಸ್ತಿ ತೋರಿಸುತ್ತೆ" ಅಂದರು. ಎರಡೂ ತೋಳಿಗೆ ನೋಡಿದರು, ಯಾವ ತೋಳಲ್ಲಿ ಜಾಸ್ತಿ ಬಂತೋ ಅದನ್ನೇ ಬರೆದುಕೊಂಡರು. ಎದ್ದು ನಿಂತ ಮೇಲೆ ಇನ್ನೊಮ್ಮೆ. ಎಷ್ಟು ಕಡೆ ನನ್ನ ಬಿಪಿ ನೋಡಿದ್ದಾರೆ! ಇಷ್ಟು ಸರಿಯಾಗಿ ನೋಡಿದವರು ಇವರೇ ಮೊದಲು.

ನನ್ನ ಸಂಖ್ಯೆ 150ಕ್ಕೆ 92 ಬಂತು. ಮಾತ್ರೆ ಚೀಟಿ ನೋಡಿದರು. ಸಕ್ಕರೆ, ಎದೆ ನೋವು, ತಲೆ ಸುತ್ತು, ಮೊಣಕಾಲು, ಎಲ್ಲ ಕೇಳಿ ಬರೆದುಕೊಂಡರು. ನಮ್ಮ ಡಾಕ್ಟರಿಂದ ಒಂದು ಸಾಲು ಬರೆಸಿಕೊಂಡು ಬರಲು ಹೇಳಿದರು. ಅದಿಲ್ಲದೆ ಸೇರಿಸಿಕೊಳ್ಳುವುದಿಲ್ಲ.

ಇನ್ನು ಈ ತರಗತಿಯ ಜೀವಾಳ ಅಂತ ನಾನು ಯಾವುದನ್ನು ಅಂದುಕೊಂಡಿದ್ದೇನೋ ಅದರ ಬಗ್ಗೆ. ತೂಕ ಇಳಿಸಿ, ಹೊಟ್ಟೆ ಕರಗಿಸಿ ಅನ್ನುವ ಮಾತು ಅಲ್ಲಿ ಕೇಳಿಸುವುದೇ ಇಲ್ಲ. ಮೇಡಂ ಮಾತೆಲ್ಲ ರಕ್ತನಾಳದ ಮೇಲೆ, ಅದರಲ್ಲೂ ಮಿದುಳಿನ ಸಣ್ಣ ರಕ್ತನಾಳದ ಮೇಲೆ. ತಿಂಗಳಿಗೊಮ್ಮೆ ವ್ಯಾಯಾಮ ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿ ವಿವರಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ತೋಟಕ್ಕೆ ಹನಿ ನೀರು ಬಿಡುವ ಡ್ರಿಪ್ ಗೊತ್ತಿಲ್ಲದವರು ಯಾರಿದ್ದಾರೆ, ಅಲ್ವಾ? ಅದನ್ನೇ ಹಿಡಿದು ಹೇಳಿದರು. ಪಂಪಿನ ಒತ್ತಡ ಜಾಸ್ತಿಯಾದರೆ ದಪ್ಪ ಮೇನ್ ಪೈಪು ತಡೆದುಕೊಳ್ಳುತ್ತದೆ. ಪೆಟ್ಟು ಬೀಳುವುದು ಸಾಲಿನ ಕೊನೆಯ ಸಣ್ಣ ಪೈಪಿಗೆ. ಮಿದುಳಿನ ಒಳಭಾಗಕ್ಕೆ ರಕ್ತ ಹೋಗುವುದು ದೊಡ್ಡ ನಾಳದಿಂದ ನೇರವಾಗಿ ಕವಲೊಡೆದ ಕೂದಲೆಳೆಯಂಥ ನಾಳಗಳಿಂದ. ಅಲ್ಲಿ ಬದಲಿ ದಾರಿ ಇಲ್ಲ. ವರ್ಷಗಟ್ಟಲೆ ಒತ್ತಡ ಬಿದ್ದರೆ ಅವುಗಳ ಗೋಡೆ ದಪ್ಪವಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ಕೆಲವು ಮುಚ್ಚಿಹೋಗುತ್ತವೆ, ಅಲ್ಲಿ ಅಮ್ಮನ ಸ್ಕ್ಯಾನ್‌ನಲ್ಲಿ ಕಂಡಂಥ ಗುಂಡಿ. ಕೆಲವು ಸೋರುತ್ತವೆ, ಅಲ್ಲಿ ಸಣ್ಣ ರಕ್ತದ ಚುಕ್ಕೆ. ಮಿದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ಎಳೆಗಳು ಹಾದುಹೋಗುವುದು ಅದೇ ಜಾಗದಲ್ಲಿ. ಅದಕ್ಕೇ ನಡಿಗೆ ನಿಧಾನ, ಯೋಚನೆ ನಿಧಾನ.

ಮಿದುಳು ನಮ್ಮ ತೂಕದಲ್ಲಿ ನೂರಕ್ಕೆ 2 ಪಾಲು. ಸುಮ್ನೆ ಕೂತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಹಾಗಾಗಿ ಬಿಪಿ ಸ್ವಲ್ಪ ಏರಲಿ ಇಳಿಯಲಿ, ಒಳಗೆ ಹರಿಯುವ ರಕ್ತ ಒಂದೇ ಸಮ ಇರುವಂತೆ ಅದರ ನಾಳಗಳೇ ಹಿಗ್ಗಿ ಕುಗ್ಗಿ ನೋಡಿಕೊಳ್ಳುತ್ತವೆ. ಬಹಳ ಕಾಲ ಬಿಪಿ ಜಾಸ್ತಿ ಇದ್ದವರಲ್ಲಿ ಈ ಹೊಂದಾಣಿಕೆ ಮೇಲಿನ ಮಟ್ಟಕ್ಕೆ ಸರಿದುಬಿಟ್ಟಿರುತ್ತದೆ. ಅಂಥವರಿಗೆ ಒತ್ತಡ ದಿಢೀರ್ ಅಂತ ಇಳಿದರೆ ಮಿದುಳಿಗೆ ರಕ್ತ ಸಾಲದಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಜೋರಾಗಿ ನಡೆದವರು ಫಕ್ಕನೆ ನಿಂತರೆ ಮೇಡಂ ಗದರುವುದು ಇದಕ್ಕೇ.

ವ್ಯಾಯಾಮ ಇಲ್ಲಿ ಏನು ಮಾಡುತ್ತದೆ ಅನ್ನುವುದೇ ನನಗೆ ದೊಡ್ಡ ಪಾಠ. ಬಿಪಿ ಇಳಿಸುತ್ತದೆ ಅನ್ನುವಷ್ಟು ಎಲ್ಲರಿಗೂ ಗೊತ್ತು. ಅದರ ಹಿಂದೆ ಇನ್ನೊಂದು ಕೆಲಸ ನಡೆಯುತ್ತದೆ. ರಕ್ತನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ ಇದೆ. ಬಿರುಸಾಗಿ ನಡೆಯುವಾಗ ರಕ್ತ ಆ ಹೊದಿಕೆಯನ್ನು ಉಜ್ಜಿಕೊಂಡು ಹರಿಯುತ್ತದೆ. ಆ ಉಜ್ಜುವಿಕೆಗೇ ಆ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ಅದು ನಾಳದ ಸ್ನಾಯುವನ್ನು ಸಡಿಲಿಸುತ್ತದೆ, ದಾರಿ ಅಗಲವಾಗುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಬಿಪಿ ಇರುವವರ ನಾಳದಲ್ಲಿ ಈ ನೈಟ್ರಿಕ್ ಆಕ್ಸೈಡ್ ಹುಟ್ಟುವುದೂ ಕಡಿಮೆ, ಹುಟ್ಟಿದ್ದೂ ಬೇಗ ನಾಶವಾಗುತ್ತದೆ. ತಪ್ಪದೆ ವ್ಯಾಯಾಮ ಮಾಡಿದರೆ ಅದನ್ನು ತಯಾರಿಸುವ ಕಿಣ್ವ ಹೆಚ್ಚುತ್ತದೆ, ನಾಶಮಾಡುವ ರಾಸಾಯನಿಕಗಳ ಹಾವಳಿ ತಗ್ಗುತ್ತದೆ. ಎದೆಯಿಂದ ಕತ್ತಿಗೆ ಹೋಗುವ ದೊಡ್ಡ ನಾಳಗಳೂ ಪೆಡಸಾಗದೆ ಮೆತ್ತಗೆ ಉಳಿಯುತ್ತವೆ. ಅವು ಮೆತ್ತಗಿದ್ದರೆ ಹೃದಯದ ಒಂದೊಂದು ಬಡಿತದ ಹೊಡೆತವನ್ನೂ ತಾವೇ ಹೀರಿಕೊಳ್ಳುತ್ತವೆ. ಪೆಡಸಾದರೆ ಆ ಹೊಡೆತ ನೇರ ಮಿದುಳಿನ ಸಣ್ಣ ನಾಳಕ್ಕೆ.

ಇಲಿಗಳ ಪ್ರಯೋಗವನ್ನೂ ಹೇಳಿದರು. ವಂಶಗುಣದಿಂದ ತಾನಾಗಿಯೇ ಬಿಪಿ ಏರುವ ಒಂದು ಇಲಿ ತಳಿಯನ್ನು ಜಪಾನಿನ ಕ್ಯೋಟೊದಲ್ಲಿ 1960ರ ದಶಕದಲ್ಲಿ ಬೆಳೆಸಿದರು. ಲೋಕದ ಎಷ್ಟೋ ಲ್ಯಾಬ್‌ಗಳಲ್ಲಿ ಈಗಲೂ ಅದನ್ನೇ ಬಳಸುತ್ತಾರೆ. ಆ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿದಾಗ, ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಕಾವಲಿನ ಸೋರಿಕೆ ಕಡಿಮೆಯಾಗಿದ್ದು ಕಂಡಿದೆ. ಮನುಷ್ಯರ ಲೆಕ್ಕ ಬೇಕು ಅನ್ನುವವರಿಗೆ ಕೆನಡಾದ ಕ್ಯಾಲ್ಗರಿಯ ಅಧ್ಯಯನ ಇದೆ, 2020ರಲ್ಲಿ ಬಂದಿದ್ದು. ಜಾಸ್ತಿ ಓಡಾಡದ ನಡುವಯಸ್ಸಿನ ಮತ್ತು ಹಿರಿಯ ವಯಸ್ಸಿನ 206 ಜನಕ್ಕೆ ಆರು ತಿಂಗಳು ವ್ಯಾಯಾಮ ಮಾಡಿಸಿದರು. ಮಿದುಳಿನ ರಕ್ತದ ಹರಿವು ಶೇಕಡ 2.8ರಷ್ಟು ಹೆಚ್ಚಿತು. ಸಣ್ಣ ಸಂಖ್ಯೆ ಅನ್ನಿಸಬಹುದು. ವಯಸ್ಸಾದಂತೆ ಆ ಹರಿವು ತಾನಾಗಿ ಇಳಿಯುತ್ತಲೇ ಹೋಗುವಂಥದ್ದು. ಅದು ಏರಿತು ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದ ಗಾಯ ಅಳಿಸುತ್ತೇವೆ ಅಂತ ಮೇಡಂ ಯಾರಿಗೂ ಹೇಳುವುದಿಲ್ಲ. ಅಮ್ಮನ ಸ್ಕ್ಯಾನ್ ತೋರಿಸಿ ನಾನೇ ಕೇಳಿದ್ದೆ. "ಇರುವ ಗುಂಡಿ ಹೋಗಲ್ಲ ಸರ್. ಉಳಿದ ನಾಳಗಳನ್ನು ನೋಡಿಕೊಳ್ಳೋಣ" ಅಂದರು. ಸುಳ್ಳು ಆಸೆ ಹುಟ್ಟಿಸದ ಈ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಅಮ್ಮನಿಗೆ ಕುರ್ಚಿ ಹಿಡಿದು ಮಾಡುವ ಕೆಲವು ವ್ಯಾಯಾಮ ಬರೆದುಕೊಟ್ಟಿದ್ದಾರೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ತರಗತಿ ನಡೆಯುವ ರೀತಿ ಹೀಗೆ. ಹೋದ ತಕ್ಷಣ ಕೂತು ಬಿಪಿ ನೋಡಿಸಿಕೊಳ್ಳಬೇಕು. ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೆ ಅವತ್ತು ವ್ಯಾಯಾಮ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಆಮೇಲೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು. ಇಪ್ಪತ್ತೈದು ನಿಮಿಷ ಬಿರುಸು ನಡಿಗೆ, ಹಾಲ್ ಸುತ್ತ, ನಡುನಡುವೆ ಮರದ ಮಣೆ ಹತ್ತಿ ಇಳಿಯುವುದು. ಎಷ್ಟು ಜೋರು? ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಡಿ ಲೆಕ್ಕ ಕೇಳುವುದಿಲ್ಲ. ಕೆಲವರ ಬಿಪಿ ಮಾತ್ರೆಯೇ ನಾಡಿಯನ್ನು ನಿಧಾನ ಮಾಡುವಂಥದ್ದು, ಅವರಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಆಮೇಲೆ ಗೋಡೆ ಕೂರುವಿಕೆ. ಗೋಡೆಗೆ ಬೆನ್ನು ಒರಗಿಸಿ, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವುದು. ಎರಡು ನಿಮಿಷದಂತೆ ನಾಲ್ಕು ಸಲ, ನಡುವೆ ಎರಡು ನಿಮಿಷ ವಿರಾಮ. ತೊಡೆ ನಡುಗುತ್ತದೆ. ಉಸಿರು ಮಾತ್ರ ಕಟ್ಟುವಂತಿಲ್ಲ, ಅದಕ್ಕೇ ಎಲ್ಲರೂ ಜೋರಾಗಿ ಎಣಿಸಬೇಕು. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ತೆಲುಗಿನಲ್ಲಿ ಎಣಿಸುತ್ತಾರೆ, ಅರ್ಧ ಜನ ಕನ್ನಡದಲ್ಲಿ. ಕದಲದೆ ಬಿಗಿಹಿಡಿಯುವ ಇಂಥ ವ್ಯಾಯಾಮ ಬಿಪಿ ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದಿದೆ ಅಂತ 2023ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಕಂಡುಬಂತು. ಮೇಲಿನ ಸಂಖ್ಯೆ ಸರಾಸರಿ 8ರಷ್ಟು ಇಳಿದಿತ್ತು. ನಡಿಗೆ, ಓಟದಂಥವುಗಳಲ್ಲಿ 4ರಿಂದ 5. ಮೊಣಕಾಲು ನೋವಿನವರು ಗೋಡೆ ಬಿಟ್ಟು ರಬ್ಬರ್ ಚೆಂಡು ಹಿಸುಕುತ್ತಾರೆ. ಕೊನೆಗೆ ಹತ್ತು ನಿಮಿಷ ನಿಧಾನ ನಡಿಗೆ, ಮತ್ತೊಮ್ಮೆ ಬಿಪಿ, ಮನೆಗೆ. ಉಳಿದ ದಿನ ನಾವೇ ನಡೆಯಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತರಗತಿಯೊಂದರಿಂದಲೇ ಅದು ತುಂಬುವುದಿಲ್ಲ. ಭಾನುವಾರ ನಾವು ಕೆಲವರು ಅಂತರಗಂಗೆ ಮೆಟ್ಟಿಲು ಹತ್ತುತ್ತೇವೆ, ಬಸವನ ಬಾಯಿಂದ ಬೀಳುವ ನೀರಿನ ಹತ್ತಿರ ಕೂತು ಇಳಿಯುತ್ತೇವೆ. ಹೊಸದಾಗಿ ಸೇರಿದವರನ್ನು ಮೇಡಂ ಅಲ್ಲಿಗೆ ಬಿಡುವುದಿಲ್ಲ.

ಮಾತ್ರೆ ವಿಷಯದಲ್ಲಿ ಇವರು ಬಹಳ ಕಟ್ಟುನಿಟ್ಟು. ಬ್ಯಾಚಿನ ಒಬ್ಬರು ಹಿರಿಯರು, ಸಂಖ್ಯೆ ಚೆನ್ನಾಗಿ ಬರುತ್ತಿದೆ ಅಂತ ತಾವೇ ಮಾತ್ರೆ ನಿಲ್ಲಿಸಿದ್ದರು. ಎರಡು ವಾರಕ್ಕೆ ಬಿಪಿ ಮತ್ತೆ ಏರಿತ್ತು. ಮೇಡಂ ಅವತ್ತೇ ಅವರ ಮಗನಿಗೆ ಫೋನ್ ಮಾಡಿದರು. ಡಾಕ್ಟರು ಬರೆದುಕೊಟ್ಟರೆ ಮಾತ್ರ ಕಡಿಮೆ, ಇಲ್ಲದಿದ್ದರೆ ವ್ಯಾಯಾಮದ ಜೊತೆ ಮಾತ್ರೆ ಇರಲೇಬೇಕು. ಅಮೆರಿಕದ ಸ್ಪ್ರಿಂಟ್ ಎಂಬ ದೊಡ್ಡ ಅಧ್ಯಯನದಲ್ಲಿ ಮಾತ್ರೆಗಳಿಂದ ಮೇಲಿನ ಸಂಖ್ಯೆಯನ್ನು 120ಕ್ಕಿಂತ ಕೆಳಗೆ ಇಡಲು ನೋಡಿದವರಲ್ಲಿ ಮರೆವಿನ ಮೊದಲ ಹಂತ ಕಡಿಮೆ ಜನಕ್ಕೆ ಬಂತು, ಮಿದುಳಿನ ಬಿಳಿ ಮಚ್ಚೆಯೂ ನಿಧಾನವಾಗಿ ಬೆಳೆಯಿತು. 2019ರಲ್ಲಿ ಅದರ ಫಲಿತಾಂಶ ಬಂತು. ಎಷ್ಟಕ್ಕೆ ಇಳಿಸಬೇಕು ಅನ್ನುವುದು ಆಯಾ ರೋಗಿಯ ಡಾಕ್ಟರು ಹೇಳಬೇಕಾದ ಮಾತು, ಅದನ್ನು ಮೇಡಂ ಮುಟ್ಟುವುದಿಲ್ಲ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದಾರೆ. ಬಾಯಿ ಸೊಟ್ಟ, ಕೈ ಸೋಲುವುದು, ಮಾತು ತೊದಲು: ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದಕ್ಕೆ ಸಾಕಷ್ಟು ಮೊದಲೇ ಆಸ್ಪತ್ರೆ ಸೇರಿರಬೇಕು. ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು, ನಾಟಿ ಔಷಧಿ ಹುಡುಕಿಕೊಂಡು ಆ ಹೊತ್ತು ಕಳೆದುಕೊಂಡವರನ್ನು ನಮ್ಮ ಕಡೆ ನಾನು ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ. ನಿಮ್ಹಾನ್ಸ್ ಜೊತೆ ಸರ್ಕಾರ ಶುರುಮಾಡಿದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು, ಚಿಕ್ಕಬಳ್ಳಾಪುರವೂ ಒಂದು. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಇಟ್ಟುಕೊಂಡಿದ್ದಾರೆ. ಮಾವಿನ ತೋಪಿನ ನಮ್ಮ ಜನರ ಮಿದುಳಿನ ಬಗ್ಗೆ ಇಷ್ಟು ಕೆಲಸ ನಡೆಯುತ್ತಿದೆ ಅನ್ನುವುದು ತರಗತಿಗೆ ಹೋದ ಮೇಲೆಯೇ ನನಗೆ ಗೊತ್ತಾಗಿದ್ದು.

ಕೊರತೆಗಳೂ ಇವೆ. ಮೆಟ್ಟಿಲು ಕಡಿದಾಗಿದೆ, ಕಂಬಿ ಒಂದೇ ಕಡೆ ಇದೆ. ಬಿಪಿಯ ಜೊತೆ ಮೊಣಕಾಲು ನೋವಿರುವ ಹೆಂಗಸರು ಇದಕ್ಕೇ ಬಿಟ್ಟುಹೋಗಿದ್ದಾರೆ. ನೆಲ ಮಹಡಿಯಲ್ಲಿ ಜಾಗ ಸಿಗಲೇಬೇಕು ಅನ್ನುವುದು ನನ್ನ ಆಸೆ. ಬೆಳಗಿನ ಬ್ಯಾಚ್ ಇಲ್ಲ. ಟೊಮೆಟೊ ಸೀಸನ್‌ನಲ್ಲಿ ಆರೂವರೆಗೆ ಮಂಡಿಯಿಂದ ಹೊರಡುವುದು ಎಲ್ಲರಿಗೂ ಆಗುವ ಮಾತಲ್ಲ. ನಮ್ಮ ಯಜಮಾನರು ಒಳ್ಳೆಯವರು, ಬಿಡುತ್ತಾರೆ. ಮೊದಲು ಒಂದೇ ಅಳತೆಯ ಬಿಪಿ ಪಟ್ಟಿ ಇತ್ತು. ದಪ್ಪ ತೋಳಿನವರಿಗೆ ಪಟ್ಟಿ ಚಿಕ್ಕದಾದರೆ ಸಂಖ್ಯೆ ಸುಳ್ಳೇ ಜಾಸ್ತಿ ಬರುತ್ತದೆ. ಕೇಳಿದ ಮೇಲೆ ದೊಡ್ಡ ಪಟ್ಟಿ ತರಿಸಿದರು. ಮೇಡಂ ಊರಲ್ಲಿ ಇಲ್ಲದ ದಿನ ವಾಟ್ಸಾಪಿನಲ್ಲಿ ವಿಡಿಯೋ ಕಳಿಸುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಬಿಪಿ ನೋಡದೆ ಶುರುಮಾಡಬಾರದು ಅಂತ ಕಲಿಸಿದವರು ಅವರೇ. ಮನೆಯಲ್ಲಿ ಮೆಷಿನ್ ಎಷ್ಟು ಜನರ ಹತ್ತಿರ ಇದೆ?

ನನಗೆ ಏನು ಸಿಕ್ಕಿತು ಅಂದರೆ, ಚಳಿಗಾಲದಲ್ಲಿ ಸೇರಿದ್ದೆ, ಮಾವಿನ ಕಾಲಕ್ಕೆ ಮನೆಯಲ್ಲಿ ನೋಡುವ ಮೇಲಿನ ಸಂಖ್ಯೆ 136, 138ರ ಆಸುಪಾಸಿಗೆ ಬಂತು. ಮಾತ್ರೆ ಅದೇ ಇದೆ. ಮನೆಯಲ್ಲಿ ನೋಡಿದಾಗ 135ಕ್ಕೆ 85ಕ್ಕಿಂತ ಕಡಿಮೆ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ, ಇನ್ನೂ ಸ್ವಲ್ಪ ದೂರ ಇದೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದ್ದೂ ಇದರಲ್ಲಿ ಸೇರಿದೆ, ಎಲ್ಲ ಯಶಸ್ಸನ್ನೂ ಗೋಡೆ ಕೂರುವಿಕೆಗೇ ಕೊಡಲಾರೆ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದರ್ಧ ಆ ಮೆಟ್ಟಿಲಿಗೆ.

ಇತ್ತೀಚೆಗೆ ಎದೆ ನೋವು ಬಂದವರು, ಲಕ್ವ ಆಗಿ ಸ್ವಲ್ಪವೇ ದಿನ ಆದವರು, ನಿಂತರೆ ತಲೆ ಸುತ್ತುವವರು ಮೊದಲು ಡಾಕ್ಟರನ್ನು ನೋಡಿ, ಆಮೇಲೆ ಇಲ್ಲಿಗೆ. ಉಳಿದವರು ತಿಂಗಳ ಮೊದಲ ಸೋಮವಾರ ಆರು ಗಂಟೆಗೆ ಹೋಗಿ, ಹೊಸಬರ ಅಳತೆ ಅವತ್ತೇ ನಡೆಯುವುದು. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಚೀಟಿ, ಡಾಕ್ಟರು ಬರೆದ ಸಾಲು, ಹಳೆಯ ರಿಪೋರ್ಟು ಜೊತೆಗಿರಲಿ. ತೋಳು ಸಡಿಲ ಇರುವ ಅಂಗಿ ಹಾಕಿಕೊಳ್ಳಿ. ಕಾಫಿ ಐದೂಕಾಲಿಗೇ ಮುಗಿದಿರಲಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮೊದಲೇ ಹೇಳಿದರೆ ಕೆಳಗೆ ಗೇಟಿನ ಹತ್ತಿರವೇ ಕುರ್ಚಿ ಹಾಕಿ ಅಳತೆ ತೆಗೆದುಕೊಳ್ಳುತ್ತಾರೆ.